ಗುದ್ದಲಿ ಮುಟ್ಟದ ತೋಟ

ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಂಡು ಸುಮ್ಮನಿರುವ ಜನವೂ ಅಲ್ಲ, ಸಭೆ ಕರೆಯುತ್ತಾರೆ.

ಅಲ್ಲಿ ಪ್ರತಿ ಮನೆಯ ಮುಂದೆಯೂ ಒಂದು ಹುಲ್ಲುಹಾಸು ಇತ್ತು. ದನ ಮೇಯುವ ಹುಲ್ಲಲ್ಲ. ನೀರುಣಿಸಿ, ಕತ್ತರಿಸಿ, ಬಾಚಿ ಸಾಕಿದ ಹುಲ್ಲು. ಅದರ ಮೇಲೆ ಯಾರೂ ಕಾಲಿಡುತ್ತಿರಲಿಲ್ಲ. ನೆಂಟರು ಬಂದರೆ ಅಂಚಿನ ಕಲ್ಲುಗಳ ಮೇಲೆ ತುದಿಗಾಲಲ್ಲಿ ನಡೆದು ಬಾಗಿಲು ಸೇರಬೇಕಿತ್ತು. ಮಕ್ಕಳು ರಸ್ತೆಯಲ್ಲಿ ಆಡುತ್ತಿದ್ದರು. ಚೆಂಡು ಹುಲ್ಲಿನ ಮೇಲೆ ಬಿತ್ತೋ, ಗಾಳಿ ಬೀಸಿ ಅದಾಗಿಯೇ ಉರುಳಿ ಬರುವವರೆಗೆ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು.

ಹುಲ್ಲನ್ನು ಕಾಯಲು ಒಂದು ಸಮಿತಿಯಿತ್ತು. ಸಮಿತಿಯ ಕಚೇರಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಊರಿಗೆಲ್ಲ ಒಂದೇ ಒಂದು ಗುದ್ದಲಿ ಇತ್ತು. ಹೊಸದಾಗಿ ಮನೆ ಕೊಂಡವರು ಅದರ ಮುಂದೆ ನಿಂತು, "ಈ ಊರಿನ ಯಾವ ಹುಲ್ಲುಹಾಸಿಗೂ ಗುದ್ದಲಿ ತಾಕಿಸುವುದಿಲ್ಲ, ತಾಕಿಸಿದರೆ ನನ್ನ ಮನೆ ಸಮಿತಿಗೆ ಸೇರಲಿ" ಎಂದು ಆಣೆ ಮಾಡಬೇಕು. ಆಣೆಯಾದ ಮೇಲೆ ಎಲ್ಲರಿಗೂ ಕಾಫಿ.

ಇಂಥ ಊರಿಗೆ ದೇವೀರಮ್ಮ ಮತ್ತು ಅವರ ಗಂಡ ಮರಿಸ್ವಾಮಿ ಬಂದರು. ಮರಿಸ್ವಾಮಿ ಬಸ್ಸು ಓಡಿಸಿ ನಿವೃತ್ತರಾದವರು. ಜೀವಮಾನವೆಲ್ಲ ಬಾಡಿಗೆ ಮನೆಯಲ್ಲಿದ್ದು, ಕೊನೆಗೂ ಒಂದು ಸ್ವಂತ ಸೂರು ಮಾಡಿಕೊಂಡಿದ್ದರು. ಇಬ್ಬರೂ ಆಣೆ ಮಾಡಿದರು, ಕಾಫಿ ಕುಡಿದರು.

ಊರಿಗೆ ತರಕಾರಿ ಬರುತ್ತಿದ್ದದ್ದು ದೂರದ ಪಟ್ಟಣದಿಂದ, ವಾರಕ್ಕೊಮ್ಮೆ, ವ್ಯಾನಿನಲ್ಲಿ. ಬರುವ ಹೊತ್ತಿಗೆ ಸೊಪ್ಪಿನ ಜೀವ ಹೋಗಿರುತ್ತಿತ್ತು. ದೇವೀರಮ್ಮನವರಿಗೆ ಬಸ್ಸಾರಿನ ಮೇಲೆ ಪ್ರಾಣ. ಒಂದು ದಿನ ಬಾಡಿದ ದಂಟಿನ ಕಟ್ಟನ್ನು ಎತ್ತಿ ಹಿಡಿದು, "ಇದನ್ನ ಬೇಯಿಸಬೇಕೋ, ಮಣ್ಣು ಮಾಡಬೇಕೋ?" ಎಂದರು. ಆಮೇಲೆ ಕಿಟಕಿಯಿಂದ ಹುಲ್ಲುಹಾಸನ್ನು ಬಹಳ ಹೊತ್ತು ನೋಡಿದರು. ಮರಿಸ್ವಾಮಿಗೆ ಆ ನೋಟದ ಪರಿಚಯವಿತ್ತು.

"ಬೇಡ ಕಣೇ. ಮನೆ ಹೋದರೆ ಈ ವಯಸ್ಸಲ್ಲಿ ಎಲ್ಲಿಗೆ ಹೋಗೋಣ?"

"ಗುದ್ದಲಿ ಮುಟ್ಟಿದರೆ ತಾನೇ ಮನೆ ಹೋಗೋದು? ನಾನು ಯಾಕೆ ಮುಟ್ಟಲಿ?"

ಆ ಊರಿನಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಪ್ರತಿ ಮನೆಯವರೂ ವರ್ಷ ವರ್ಷ ಹೊಸದು ಕೊಳ್ಳುತ್ತಿದ್ದರು. ಪಕ್ಕದ ಮನೆಯವರು ಕೊಂಡಮೇಲೆ ತಾವು ಕೊಳ್ಳದಿದ್ದರೆ ಹೇಗೆ? ಹಾಗಾಗಿ ಬೀದಿಯ ತುಂಬ ಯಂತ್ರ ಬಂದ ರಟ್ಟಿನ ಪೆಟ್ಟಿಗೆಗಳು. ಕತ್ತರಿಸಿದ ಹುಲ್ಲನ್ನು ಎಲ್ಲಿ ಸುರಿಯಬೇಕೆಂಬುದೂ ಒಂದು ತಲೆನೋವು. ದೇವೀರಮ್ಮ ಮನೆಮನೆಗೆ ಹೋಗಿ ಎರಡನ್ನೂ ಕೇಳಿದರು. "ತಗೊಂಡು ಹೋಗಿ ಅಕ್ಕ, ಪುಣ್ಯ ಬರುತ್ತೆ!" ಎಂದು ಜನ ತಾವೇ ಹೊತ್ತು ತಂದು ಹಾಕಿದರು.

ದೇವೀರಮ್ಮ ರಟ್ಟುಗಳ ಅಂಟುಪಟ್ಟಿ ಕಿತ್ತು, ಹುಲ್ಲಿನ ಮೇಲೆ ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಬರುವಂತೆ ಹಾಸಿದರು. ಚೆನ್ನಾಗಿ ನೆನೆಸಿದರು. ಅದರ ಮೇಲೆ ತರಕಾರಿ ವ್ಯಾನಿನವನಿಂದ ತರಿಸಿದ ಕೊಳೆತ ಸಗಣಿಗೊಬ್ಬರ ಮೊಣಕಾಲೆತ್ತರ, ಗೊಬ್ಬರದ ಮೇಲೆ ಬೀಜ. ಮೊಳಕೆ ತಲೆಯೆತ್ತಿದ ಮೇಲೆ ಸಾಲುಗಳ ನಡುವೆ ತೆಳ್ಳಗೆ ಒಣಹುಲ್ಲಿನ ಹೊದಿಕೆ. ಎಲ್ಲೂ ಅಗೆಯಲಿಲ್ಲ, ಕೆದಕಲಿಲ್ಲ. ರಟ್ಟಿನ ಕೆಳಗೆ ಬೆಳಕಿಲ್ಲದೆ ಹುಲ್ಲು ತನ್ನಷ್ಟಕ್ಕೆ ಮಣ್ಣಾಯಿತು. ಮಿಕ್ಕ ಕೆಲಸವನ್ನು ಎರೆಹುಳುಗಳು ನೋಡಿಕೊಂಡವು. ಅವು ಯಾವ ಆಣೆಯನ್ನೂ ಮಾಡಿರಲಿಲ್ಲ. ಬಾಗಿಲ ಹತ್ತಿರ ಚಾಪೆಯಷ್ಟು ಹುಲ್ಲನ್ನು ಮಾತ್ರ ದೇವೀರಮ್ಮ ಹಾಗೇ ಬಿಟ್ಟರು.

ಮಳೆ ಬಿದ್ದಿದ್ದೇ ತಡ, ಆಹಾ, ಏನು ಸಂಭ್ರಮ! ದಂಟು ಕೆಂಪಗೆ ಎದ್ದು ನಿಂತಿತು. ಮೆಂತ್ಯ, ಸಬ್ಬಸಿಗೆ, ಮೂಲಂಗಿ, ಒಂದಕ್ಕಿಂತ ಒಂದು ಮುಂದು. ದೇವೀರಮ್ಮ ಬೆಳಿಗ್ಗೆ ಗೇಟಿನ ಬಳಿ ಒಂದು ಮಣೆ ಇಟ್ಟು, ಇಬ್ಬನಿ ಆರದ ಸೊಪ್ಪನ್ನು ಕಟ್ಟು ಕಟ್ಟಿ ಜೋಡಿಸುತ್ತಿದ್ದರು. ಪಕ್ಕದ ಮನೆಯ ಗಿರಿಜಾಂಬ ಮೊದಲ ದಿನ ಕದ್ದುಮುಚ್ಚಿ ಸೆರಗಿನೊಳಗೆ ಒಯ್ದರು. ವಾರದೊಳಗೆ ಊರಿಗೆ ಊರೇ ಚೀಲ ಹಿಡಿದು ನಿಂತಿತ್ತು. ಬೀದಿಯೆಲ್ಲ ಬಸ್ಸಾರಿನ ಒಗ್ಗರಣೆಯ ಘಮಲು. ಮರಿಸ್ವಾಮಿ ಮಾತ್ರ ಗೇಟು ಕಿರ್ ಎಂದಾಗಲೆಲ್ಲ ಬೆಚ್ಚುತ್ತಿದ್ದರು.

ಗೇಟು ಕಿರ್ ಎಂದಿತು. ಬಂದವರು ಸಮಿತಿಯ ಅಧ್ಯಕ್ಷ ಶಿವನಂಜಪ್ಪನವರು. ಒಗೆದು ಗಂಜಿ ಹಾಕಿದ ಬಿಳಿ ಪಂಚೆ, ಹಿಂದೆ ಸದಸ್ಯರ ಹಿಂಡು, ಅವರ ಹಿಂದೆ ತಮಾಷೆ ನೋಡಲು ಊರು.

"ಏನ್ರೀ ಇದು ದೇವೀರಮ್ಮನವರೇ? ಹುಲ್ಲೆಲ್ಲಿ?"

"ಕೆಳಗಿದೆ ಸ್ವಾಮಿ."

"ಅಗೆದಿದ್ದೀರಿ!"

"ಊರಿಗೆಲ್ಲ ಒಂದೇ ಗುದ್ದಲಿ. ಅದರ ಬೀಗದ ಕೈ ನಿಮ್ಮ ಸೊಂಟದಲ್ಲಿದೆ. ನಾನು ಹೇಗೆ ಅಗೀಲಿ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಶಿವನಂಜಪ್ಪನವರ ಮುಖ ದಂಟಿನ ಬಣ್ಣಕ್ಕೆ ತಿರುಗಿತು. "ಹುಲ್ಲು ಕೆಳಗಿದೆ ಎಂಬುದಕ್ಕೆ ಸಾಕ್ಷಿ?"

"ಅಗೆದು ನೋಡಬಹುದು," ಎಂದರು ದೇವೀರಮ್ಮ.

"ತನ್ನಿರಿ ಗುದ್ದಲಿ!" ಎಂದು ಅಧ್ಯಕ್ಷರು ಗುಡುಗಿದರು. ಗಾಜಿನ ಪೆಟ್ಟಿಗೆ ತೆರೆಯಿತು, ಗುದ್ದಲಿ ಬಂತು. ಹಿಡಿಯುವವರು ಯಾರು? ಒಬ್ಬ ಸದಸ್ಯರಿಗೆ ಇದ್ದಕ್ಕಿದ್ದಂತೆ ಸೊಂಟ ಹಿಡಿಯಿತು, ಇನ್ನೊಬ್ಬರಿಗೆ ಮನೆಯಲ್ಲಿ ಹಾಲು ಉಕ್ಕುತ್ತಿದ್ದದ್ದು ನೆನಪಾಯಿತು. ಮರಿಸ್ವಾಮಿ ಕಣ್ಣು ಮುಚ್ಚಿಕೊಂಡು ಮನೆಯ ಗೋಡೆಗೆ ಅಂಗೈ ಊರಿ ನಿಂತರು. ರೋಸಿಹೋದ ಶಿವನಂಜಪ್ಪನವರು ಪಂಚೆ ಎತ್ತಿ ಕಟ್ಟಿ, ಗುದ್ದಲಿಯನ್ನು ತಾವೇ ಎತ್ತಿ ಬೀಸಿದರು. ಜೀವನದಲ್ಲಿ ಮೊದಲ ಸಲ. ಅರ್ಧ ಮಣ್ಣು ಅವರ ಪಂಚೆಗೇ ಹಾರಿತು.

ಅಲ್ಲಿ ಹುಲ್ಲಿರಲಿಲ್ಲ. ಕಪ್ಪಗೆ, ಪುಡಿಪುಡಿಯಾದ ಮಣ್ಣಿತ್ತು. ಬೆಳಕಿಗೆ ಬೇಸರಪಟ್ಟು ಎರೆಹುಳುಗಳು ಒಳಗೆ ಸರಿದವು.

"ಇಲ್ಲ! ಹುಲ್ಲಿಲ್ಲ!" ಎಂದು ಅಧ್ಯಕ್ಷರು ಕೂಗಿದರು. "ಈ ಮನೆ ಇನ್ನು ಸಮಿತಿಯದು!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅವರ ಕೈಯನ್ನೇ ನೋಡುತ್ತಿದ್ದರು. ಕೊನೆಗೆ ಗಿರಿಜಾಂಬ ಮೆಲ್ಲಗೆ ಕೇಳಿದರು: "ಅಧ್ಯಕ್ಷರೇ, ಗುದ್ದಲಿ ತಾಕಿಸಿದ್ದು ಯಾರು?"

ಶಿವನಂಜಪ್ಪನವರು ಗುದ್ದಲಿ ನೋಡಿದರು. ಪಂಚೆ ನೋಡಿದರು. ತಮ್ಮ ಮೂರಂತಸ್ತಿನ ಮನೆ ಕಣ್ಣ ಮುಂದೆ ಬಂತು. ಬೆವರೊಡೆಯಿತು, ಪಾಪ.

"ಇದು..." ಎಂದರು. ಗಂಟಲು ಸರಿಮಾಡಿಕೊಂಡರು. "ನಾನು ಅಗೆದದ್ದು ಹುಲ್ಲುಹಾಸನ್ನಲ್ಲ. ಎಲ್ಲರೂ ಗಮನಿಸಬೇಕು. ಇದು ತರಕಾರಿ ತೋಟ."

"ಹಾಗಾದರೆ ನಮ್ಮ ಮನೆ?" ಮರಿಸ್ವಾಮಿ ಕಣ್ಣು ಬಿಟ್ಟು ಕೇಳಿದರು.

"ಗುದ್ದಲಿ ತಾಕಿಸದವರ ಮನೆಯನ್ನು ಯಾರು ಏನು ಮಾಡಲಾದೀತು?" ಎಂದರು ಅಧ್ಯಕ್ಷರು, ತುಸು ಸಿಡುಕಿನಿಂದಲೇ. ಗುದ್ದಲಿಯಿಲ್ಲದೆ ಹುಲ್ಲು ಹೋಗಬಹುದೆಂದು ನಿಯಮ ಬರೆದವರಿಗೆ ಹೊಳೆದೇ ಇರಲಿಲ್ಲ. ದೇವೀರಮ್ಮ ಒಂದು ಕಟ್ಟು ದಂಟು ತಂದು ಅಧ್ಯಕ್ಷರ ಕೈಗಿಟ್ಟು, ಗುದ್ದಲಿಯನ್ನು ಇಳಿಸಿಕೊಂಡರು. ಮರಿಸ್ವಾಮಿ ಆ ರಾತ್ರಿ ಗೊರಕೆ ಹೊಡೆದು ನಿದ್ದೆ ಮಾಡಿದರು.

ಮರುದಿನದಿಂದ ಬೀದಿಯಲ್ಲಿ ರಟ್ಟಿಗೆ ಎಲ್ಲಿಲ್ಲದ ಬೇಡಿಕೆ. ಮಳೆಗಾಲ ಮುಗಿಯುವಷ್ಟರಲ್ಲಿ ಮನೆಮನೆಯ ಮುಂದೆ ಬದನೆ, ಬೆಂಡೆ, ಹೀರೆ. ಚೆಂಡು ಬಿದ್ದರೆ ಮಕ್ಕಳು ಸಾಲುಗಳ ನಡುವೆ ನುಗ್ಗಿ ಎತ್ತಿಕೊಂಡು, ಬರುವಾಗ ಒಂದು ಎಳೆ ಬೆಂಡೆ ಕಚ್ಚಿಕೊಂಡು ಬರುತ್ತಿದ್ದರು. ವ್ಯಾನು ಈಗಲೂ ಬರುತ್ತಿತ್ತು, ಆದರೆ ಖಾಲಿ ಬಂದು ತುಂಬಿ ಹೋಗುತ್ತಿತ್ತು.

ಆದರೆ ಆ ಊರು ಆ ಊರೇ ಅಲ್ಲವೇ! ಸಮಿತಿ ಹೊಸ ಬೋರ್ಡು ಬರೆಸಿತು: ತರಕಾರಿ ಸಮಿತಿ. ಅಧ್ಯಕ್ಷರು ಅವರೇ. ಗಾಜಿನ ಪೆಟ್ಟಿಗೆಯಲ್ಲಿ ಈಗ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಎಚ್ಚರಿಕೆಗೆಂದು ಇಟ್ಟರು. ಯಾವ ಮನೆಯ ಮುಂದೆಯೂ ಒಂದು ಗರಿಕೆಯೂ ಕಾಣಕೂಡದೆಂದು ನಿಯಮವಾಯಿತು. ಆಣೆ, ಆಮೇಲೆ ಕಾಫಿ.

ಒಂದು ಸಂಜೆ ದೇವೀರಮ್ಮನವರ ಗೇಟು ಮತ್ತೆ ಕಿರ್ ಎಂದಿತು. ಗಂಡ ಹೆಂಡತಿ ಬಾಗಿಲ ಹತ್ತಿರದ ಆ ಚಾಪೆಯಷ್ಟು ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತು, ಬೇಯಿಸಿದ ಕಡಲೆಕಾಯಿ ಬಿಡಿಸುತ್ತಿದ್ದರು. ಶಿವನಂಜಪ್ಪನವರ ಜೇಬಿನಿಂದ ನೋಟೀಸು ಇಣುಕುತ್ತಿತ್ತು.

"ದೇವೀರಮ್ಮನವರೇ, ಊರಿಗೆಲ್ಲ ತೋಟ ಕಲಿಸಿದವರು ನೀವು. ನಿಮ್ಮ ಮನೆ ಮುಂದೆಯೇ ಹುಲ್ಲೇ?"

"ಬನ್ನಿ, ಕೂತುಕೊಳ್ಳಿ. ಕಡಲೆಕಾಯಿ ಬಿಸಿಯಾಗಿದೆ."

"ಎಲ್ಲಿ ಕೂರಲಿ?"

"ಇಲ್ಲೇ. ಹುಲ್ಲಿನ ಮೇಲೆ."

ಇಷ್ಟು ವರ್ಷ ಹುಲ್ಲು ಕಾದ ಶಿವನಂಜಪ್ಪನವರು ಒಮ್ಮೆಯೂ ಅದರ ಮೇಲೆ ಕುಳಿತವರಲ್ಲ. ಅತ್ತ ಇತ್ತ ನೋಡಿದರು. ಚಪ್ಪಲಿ ಬಿಟ್ಟು, ಬಿಸಿನೀರಿಗೆ ಕಾಲಿಡುವವರ ಹಾಗೆ ಹುಲ್ಲಿನ ಮೇಲೆ ಪಾದ ಇಟ್ಟರು. ಆಮೇಲೆ ಮೆಲ್ಲಗೆ ಕುಳಿತರು. ಸ್ವಲ್ಪ ಹೊತ್ತಿಗೆ ಕಾಲನ್ನೂ ಚಾಚಿದರು.

"ಅಯ್ಯೋ," ಎಂದರು, "ಎಷ್ಟು ಮೆತ್ತಗಿದೆ ಇದು!"

ದೇವೀರಮ್ಮ ಕಡಲೆಕಾಯಿಯ ಬುಟ್ಟಿಯನ್ನು ಅವರತ್ತ ಸರಿಸಿದರು. ಕತ್ತಲಾದರೂ ಅಧ್ಯಕ್ಷರು ಏಳಲಿಲ್ಲ. ಸಿಪ್ಪೆ ಹಾಕಲು ಏನಾದರೂ ಕಾಗದ ಬೇಕೆಂದು ಮರಿಸ್ವಾಮಿ ಹುಡುಕುತ್ತಿದ್ದಾಗ, ತಾವೇ ಜೇಬಿಗೆ ಕೈ ಹಾಕಿ ನೋಟೀಸು ತೆಗೆದುಕೊಟ್ಟರು.