ಕೇರಾಫ್ ವಿಶಾಲಾಕ್ಷಮ್ಮ

"ಎಡಕ್ಕೆ ವಾಲ್ತಾ ಐತೆ, ಎದೆಗೆ ಆನಿಸ್ಕೊಳೋ," ಎಂದಳು ವಿಶಾಲಾಕ್ಷಮ್ಮ. ರೇವಣ್ಣ ಸತ್ತ ಜಯಪ್ಪನ ಬೆನ್ನಿಗೆ ತನ್ನ ಎದೆ ಕೊಟ್ಟು ಕುಳಿತ. ಆಕೆ ಗಂಡನ ಹಣೆಗೆ ವಿಭೂತಿ ಬಳಿದಳು. ಅವರಲ್ಲಿ ಹೆಣವನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಅಲ್ಲಿಯತನಕ ಬೆನ್ನಿಗೆ ಹತ್ತಿರದವರು ಯಾರಾದರೂ ಆಸರೆಯಾಗಬೇಕು.

ಅಂಗಳದಲ್ಲಿ ಜಯಪ್ಪನ ದೊಡ್ಡಪ್ಪನ ಮಗ ಶಾಂತಪ್ಪ ಗಂಟಲು ಸರಿಮಾಡಿಕೊಂಡ.

"ನೋಡವ್ವ, ಜೈಲಿಂದ ಬಂದ ಕೈ ಹೆಣ ಮುಟ್ಟಬಾರ್ದು. ಇವನನ್ನ ಮೊದ್ಲು ಬಸ್ ಹತ್ಸು. ಆಮೇಲೆ ನಮ್ಮ ಹುಡುಗ್ರು ಗುಣಿ ತೋಡ್ತಾರೆ."

ಹುಡುಗರು ಬಂದಿದ್ದೇನೋ ನಿಜ. ಗುದ್ದಲಿ ಹೆಗಲ ಮೇಲಿತ್ತು, ಕಾಲು ಮಾತ್ರ ಬೇಲಿಯಾಚೆ ಇತ್ತು.

"ಹತ್ಸದೆ ಇದ್ರೆ?"

"ಊರ ರುದ್ರಭೂಮೀಲಿ ಜಾಗ ಇಲ್ಲ."

"ಭಾವ, ಇವರೂ ಅಲ್ಲಿಂದ್ಲೇ ಬಂದೋರು," ಆಕೆ ಗಂಡನತ್ತ ಕೈ ತೋರಿಸಿದಳು. "ಇವರನ್ನ ಯಾವ ಬಸ್ ಹತ್ಸಲಿ?"

*

ಬೇಲಿ ಜಗಳದಲ್ಲಿ ಕತ್ತಿ ಬೀಸಿ ಜಯಪ್ಪ ಒಬ್ಬನ ಜೀವ ತೆಗೆದಿದ್ದ. ಅದನ್ನವನು ಎಂದೂ ಅಲ್ಲಗಳೆಯಲಿಲ್ಲ. ಸನ್ನಡತೆಯ ಮೇಲೆ ಬಿಡುಗಡೆಯಾಗಿ ಬಂದಾಗ ಸೋಮವಾರಪೇಟೆ ಸಂತೆಯಲ್ಲಿ ಪರಿಚಯದವರೆಲ್ಲ ಮುಖ ತಿರುಗಿಸಿದರು. ಸರ್ಕಾರದ ಯೋಜನೆಯಲ್ಲಿ ಹೊಲಿಗೆ ಯಂತ್ರ ಸಿಕ್ಕಿತು, ಹೊಲಿಸುವವರು ಸಿಗಲಿಲ್ಲ. ಕೊನೆಗೆ ಎಸ್ಟೇಟುಗಳ ಹರಿದ ಕಾಫಿ ಚೀಲಗಳಿಗೆ ತೇಪೆ ಹಾಕಿ ಬದುಕಿದ. ಚೀಲ ಹೊಲಿದವನ ಚರಿತ್ರೆ ಯಾರಿಗೆ ಬೇಕು!

ಒಂದು ದಿನ ಊಟಕ್ಕೆ ಕೂತವನು ಹೇಳಿದ: "ಒಳಗೆ ನನ್ ಜೊತೆಗಿದ್ದ ರೇವಣ್ಣನ್ನ ಬಿಡ್ತಾವ್ರೆ. ಕಳ್ಳತನದ ಕೇಸು. ಹೋಗಕ್ಕೆ ಮನೆ ಇಲ್ಲ. ಪ್ರೊಬೇಷನ್ ಆಫೀಸಿನ ಮೇಡಂ ವಿಳಾಸ ಕೇಳಿದ್ರು. ಕೇರಾಫ್ ಜಯಪ್ಪ ಅಂತ ಬರೆಸ್ದೆ."

"ಕಳ್ಳನ್ನ ಮನೆಗೆ ಕರೀತೀರಾ? ತಲೆ ನೆಟ್ಟಗೈತಾ?" ವಿಶಾಲಾಕ್ಷಮ್ಮ ಮುದ್ದೆಯನ್ನು ತಟ್ಟೆಗೆ ಕುಕ್ಕಿದಳು.

"ನಾನು ಬಂದಾಗ ನೀನು ಬಾಗ್ಲು ತೆಗೆದೆ. ಇಲ್ದಿದ್ರೆ ನಾನೂ ವಾಪಸ್ ಅಲ್ಲಿಗೇ ಹೋಗ್ತಿದ್ದೆ ಕಣೆ."

ಆಕೆ ವಾರವೆಲ್ಲ ಮುಖ ಊದಿಸಿಕೊಂಡಿದ್ದಳು. ರೇವಣ್ಣ ಬಂದ ದಿನ ಅವನಿಗೂ ತಟ್ಟೆ ಇಟ್ಟಳು.

*

ಫೋನು ಬಡಿದುಕೊಂಡಿತು. ಅದೇ ಮೇಡಂ. ಸಾವಿಗೆ ಮರುಗಿ, ಅಳುಕುತ್ತ ಕೇಳಿದರು: "ಸೋಮವಾರ ಇನ್ನೊಬ್ರು ಹೊರಗೆ ಬರ್ತಾರಮ್ಮ. ಅವರಿಗೂ ಜಯಪ್ಪನೋರು ನಿಮ್ಮನೆ ವಿಳಾಸಾನೇ ಬರೆಸಿದ್ರು. ತೆಗೆದುಬಿಡ್ಲಾ?"

"ಮನೆ ಎಲ್ಲೂ ಹೋಗಿಲ್ಲ ಮೇಡಂ," ಶಾಂತಪ್ಪನ ಮುಖವನ್ನೇ ನೋಡುತ್ತ ಆಕೆ ಗಟ್ಟಿಯಾಗಿ ಹೇಳಿದಳು. "ಕೇರಾಫ್ ವಿಶಾಲಾಕ್ಷಮ್ಮ ಅಂತ ಹಾಕ್ಕೊಳಿ."

ಫೋನಿಟ್ಟು ರೇವಣ್ಣನ ಭುಜ ತಟ್ಟಿದಳು. "ಏಳು, ನಾನು ಹಿಡ್ಕತೀನಿ. ತೋಟ ನನ್ನ ಹೆಸರಲ್ಲೈತೆ. ಹಲಸಿನ ಮರದ ಹತ್ರ ತೋಡು."

ಹೆಂಗಸರೆಲ್ಲ ಬೆರಗಾಗಿ ನೋಡುತ್ತಿರುವಾಗ ಆಕೆ ಗಂಡನ ಹಿಂದೆ ಕುಳಿತು ಅವನ ಬೆನ್ನನ್ನು ಎದೆಗೆ ಆನಿಸಿಕೊಂಡಳು. ಆಗ ಮಾತ್ರ ಕಣ್ಣು ತುಂಬಿ ಬಂತು. ಎಸ್ಟೇಟ್ ಕೂಲಿಗಳ ಲೈನ್ ಮನೆಯ ಕಾಳಮ್ಮ ಯಾರೂ ಕರೆಯದೆಯೇ ಗುದ್ದಲಿ ತಂದಳು. ಹೊರುವ ಹೊತ್ತಿಗೆ ಅವಳ ಗಂಡನೂ ಮಗನೂ ಹೆಗಲು ಕೊಟ್ಟರು. ಮಠದ ಅಯ್ಯನವರು ಬರಲಿಲ್ಲ. ಶಿವನ ಹೆಸರನ್ನು ವಿಶಾಲಾಕ್ಷಮ್ಮನೇ ಹೇಳಿದಳು.

ಆಳೆತ್ತರದ ಗುಣಿಯಲ್ಲಿ ಜಯಪ್ಪನನ್ನು ಕೂರಿಸಿ, ಸುತ್ತ ವಿಭೂತಿ, ಪತ್ರೆ ತುಂಬಿ ರೇವಣ್ಣ ಮೇಲೆ ನೋಡಿದ. ಹತ್ತಲು ಹೋದರೆ ಅಂಚು ಕುಸಿಯುತ್ತಿತ್ತು. ಕಾಳಮ್ಮನ ಗಂಡನೂ ಮಗನೂ ನೀರು ತರಲು ಹೋಗಿದ್ದರು. ಬೇಲಿಯಾಚೆ ಊರಿನ ಗಂಡಸರು ಸಾಲಾಗಿ ನಿಂತಿದ್ದರು, ಒಬ್ಬರೂ ಅಲುಗಲಿಲ್ಲ.

ವಿಶಾಲಾಕ್ಷಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಸಿಮಣ್ಣಿನ ಮೇಲೆ ಮಂಡಿಯೂರಿ ಬಗ್ಗಿದಳು. "ಹಿಡ್ಕೋ, ಬಾ ಮೇಲಕ್ಕೆ." ಊರೆಲ್ಲ ನೋಡುತ್ತಿದ್ದಂತೆಯೇ, ಮಣ್ಣು ಮೆತ್ತಿದ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದು ಎಳೆದಳು.