ಅರವತ್ತೆರಡನೆಯ ಸಾಲು

ನಮ್ಮನೆಯವರು ಉಪೇಂದ್ರ ತೀರಿಕೊಂಡು ಹದಿನೇಳು ದಿನವಾಗಿದ್ದಾಗ ಸೊಣ್ಣಪ್ಪನವರು ಹಿತ್ತಾಳೆ ಫಲಕ ತಂದರು. ಪೀಣ್ಯದ ಕಾರ್ಖಾನೆಯಲ್ಲಿ ಇಬ್ಬರದೂ ಅಕ್ಕಪಕ್ಕದ ಲೇತ್. ಫಲಕದ ಮೇಲೆ ಇವರ ಹೆಸರು, ೧೯೮೨ ಎಂಬ ಇಸವಿ, ಕೆಳಗೆ ‘೧೦,೦೦,೦೦೯ ಅವಿಭಾಜ್ಯ’ ಎಂದು ಕೆತ್ತಿಸಿದ್ದರು.

“ನಾಳೆ ಅವರ ಮಿಷನ್‌ಗೆ ಒಡೀತೀವಿ ಅಕ್ಕಾ. ನಂಬರ್ ಸರಿಯಾಗೈತಾ, ಒಂದ್ಸಲ ನೋಡ್ಬುಡಿ.”

ಇವರು ಹೋದಾಗಲೂ ನನಗೆ ಅಳು ಬಂದಿರಲಿಲ್ಲ, ಈಗಲೂ ಬರಲಿಲ್ಲ. ಎದ್ದು ಇವರ ನೋಟ್‌ಬುಕ್ ತಂದೆ.

ಆ ಸಂಖ್ಯೆ ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ ಎಂದು ತೋರಿಸಬೇಕೆಂಬುದು ಇವರ ಹುಚ್ಚು. ಎಂಥ ಹುಚ್ಚು ಅಂತೀರಿ! ಸಾವಿರದೊಳಗಿನ ನೂರಾ ಅರವತ್ತೆಂಟು ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕಂತೆ. ಸಂಜೆಗೊಂದು ಭಾಗಾಕಾರ, ನೋಟ್‌ಬುಕ್ಕಿನಲ್ಲಿ ಒಂದು ಸಾಲು. ನಾನು ಅದೇ ಕಾರ್ಖಾನೆಯ ತಪಾಸಣೆ ವಿಭಾಗದವಳು. ಮಾಡಿದವನೇ ಪಾಸ್ ಮಾಡಬಾರದು ಎನ್ನುವ ಅಲ್ಲಿಯ ನಿಯಮವನ್ನು ಇವರು ಮನೆಗೂ ತಂದಿದ್ದರು. ಇವರು ಭಾಗಿಸುವುದು, ನಾನು ತಿರುಗಿ ಗುಣಿಸಿ ನೋಡಿ ಟಿಕ್ ಹಾಕುವುದು. ಕೊನೆಯ ಸಾಲು ಮುಗಿದಾಗ ಕಾರ್ಖಾನೆಯ ಇಡೀ ಶಾಪಿಗೆ ಮೈಸೂರು ಪಾಕು ಹಂಚಿದರು. ಮರುವಾರ ಎದೆನೋವು ಬಂತು, ಅಷ್ಟೇ.

ಫಲಕದ ಸಂಖ್ಯೆ ಸರಿಯಾಗಿಯೇ ಇತ್ತು. ನೋಟ್‌ಬುಕ್ ಮುಚ್ಚಿಬಿಡಬಹುದಿತ್ತು. ಆದರೆ ಅರವತ್ತೆರಡನೆಯ ಸಾಲು ನೆನಪಾಯಿತು. ಆ ದಿನ ನಮ್ಮಕ್ಕನ ಗೃಹಪ್ರವೇಶಕ್ಕೆ ಬರಲ್ಲ ಅಂದಿದ್ದರು. ನನಗೆ ಮೈಯೆಲ್ಲ ಉರಿದುಹೋಗಿ, ಗುಣಿಸದೆಯೇ ಟಿಕ್ ಎಳೆದುಬಿಟ್ಟಿದ್ದೆ. ಅದೊಂದೇ ಸಾಲು.

೨೯೩ರಿಂದ ಭಾಗಿಸಿದ ಲೆಕ್ಕ. ಶೇಷ ೧೯೩ ಎಂದು ಬರೆದಿದ್ದರು. ಗುಣಿಸಿ ಶೇಷ ಕೂಡಿಸಿದೆ. ನೂರು ಕಡಿಮೆ ಬಂತು. ಮೊದಲಿನಿಂದ ಭಾಗಿಸಿದೆ. ೩೮೦ರಲ್ಲಿ ೨೯೩ ಕಳೆದರೆ ೮೭. ಇವರು ೭೭ ಎಂದು ಬರೆದಿದ್ದರು. ಅದನ್ನು ಸರಿಮಾಡಿದರೆ ಭಾಗಲಬ್ಧ ೩೪೧೩, ಶೇಷ ಸೊನ್ನೆ.

“ಇದು ಅವಿಭಾಜ್ಯ ಅಲ್ಲ, ಸೊಣ್ಣಪ್ಪನೋರೆ. ಇನ್ನೂರ ತೊಂಬತ್ತಮೂರರಿಂದ ಪೂರ್ತಿ ಭಾಗ ಹೋಗತ್ತೆ.”

ಸೊಣ್ಣಪ್ಪನವರು ಫಲಕದ ಮೇಲಿನ ಸಂಖ್ಯೆಯನ್ನು ಬೆರಳಿನಿಂದ ಸವರಿದರು. “ಯಾರಿಗ್ ಗೊತ್ತಾಯ್ತದೆ ಬುಡಿ ಅಕ್ಕಾ. ಪಾಪ, ಎಷ್ಟು ಖುಸಿಯಾಗಿದ್ರು.”

“ನನಗೆ ಗೊತ್ತಾಯ್ತಲ್ಲ. ಕೂದಲೆಳೆಯಷ್ಟು ತಪ್ಪಿದ್ರೂ ಪೀಸ್ ಬಿಡ್ತಿರಲಿಲ್ಲ ಅವರು. ನಂಬರ್ ತೆಗೆಸಿಬಿಡಿ, ಹೆಸರು ಸಾಕು. ತಪ್ಪು ಹಿಡೀಬೇಕಾಗಿದ್ದೋಳು ನಾನು.”

ಅವರು ಫಲಕವನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದರು. ನಾನು ಆ ಟಿಕ್ ಹೊಡೆದುಹಾಕಿ ಪಕ್ಕದಲ್ಲಿ ಸೊನ್ನೆ ಬರೆದೆ. ನಾಚಿಕೆಯಾಯಿತು. ಮಾಡಲು ಬೇರೇನೂ ತೋಚದೆ ಅಲ್ಲಿಂದ ಮುಂದಿನ ಸಾಲುಗಳನ್ನು ಎಣಿಸಿದೆ. ನೂರಾ ಆರು. ಆ ದಿನ ನಾನು ನೆಟ್ಟಗೆ ಗುಣಿಸಿದ್ದರೆ ಅಲ್ಲಿಗೇ ಎಲ್ಲ ಮುಗಿದು, ನೋಟ್‌ಬುಕ್ ಅಟ್ಟ ಸೇರಿರುತ್ತಿತ್ತು. ಆ ನೂರಾ ಆರು ಸಂಜೆ ನಾವಿಬ್ಬರೂ ಎದುರುಬದುರು ಕೂರುತ್ತಲೇ ಇರಲಿಲ್ಲ.