ಬಂದೂಕಿನ ದುರ್ಬೀನಿನೊಳಗೆ ಜೇಡನ ಎಳೆ

ದುರ್ಬೀನು, ಸೂಕ್ಷ್ಮದರ್ಶಕ, ಕ್ಯಾಮೆರಾ, ಭೂಮಿ ಅಳೆಯುವವರ ಯಂತ್ರ, ಒಟ್ಟಿನಲ್ಲಿ ಗಾಜಿನ ಕಣ್ಣಿರುವ ಏನೇ ಕೆಟ್ಟು ಕೂತರೂ ಆ ಊರಿನವರು ಹತ್ತುತ್ತಿದ್ದದ್ದು ಗಾಜಿನಕ್ಕನ ಮನೆಯ ಮೆಟ್ಟಿಲನ್ನೇ. ಅವಳ ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಮಹಡಿಯ ಮೇಲೆ, ದೊಡ್ಡ ಕಿಟಕಿಯ ಕೋಣೆಯಲ್ಲಿ ಅವಳ ಕೆಲಸ. ಆ ಕೋಣೆಗೆ ಪೊರಕೆ ಹಿಡಿದು ಕಾಲಿಡಲು ಅವಳ ಅತ್ತೆಗೂ ಅಪ್ಪಣೆ ಇರಲಿಲ್ಲ. "ಧೂಳು ಕಂಡ್ರೆ ಆಗಲ್ಲ ಅಂತಾಳೆ, ಗುಡಿಸೋಕೂ ಬಿಡಲ್ಲ. ಎಂಥಾ ಸೊಸೆ ಕಟ್ಕೊಂಡ್ನೋ ನಾನು!" ಎಂದು ಅತ್ತೆ ಬಂದವರೆದುರೆಲ್ಲ ಹೇಳಿಕೊಳ್ಳುತ್ತಿದ್ದಳು. ಆದರೆ ಹಾಗೆ ಹೇಳುವಾಗ ಅವಳ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು.

ಒಂದು ಬೆಳಿಗ್ಗೆ ಮೇಸ್ತ್ರಿ ಬಂದ. ಊರಿನ ಅರ್ಧ ಗೋಡೆಗಳನ್ನು ಎಬ್ಬಿಸಿದವನು, ತಲೆ ನರೆತಿದ್ದರೂ ಹಲಗೆಯಂಥ ಅಂಗೈ ಇನ್ನೂ ಗಟ್ಟಿ. ಅವನ ಕಂಕುಳಲ್ಲಿ ಹಳೆಯ ಉಣ್ಣೆ ಕೋಟಿನ ಕತ್ತರಿಸಿದ ತೋಳೊಂದಿತ್ತು, ಅದರೊಳಗೆ ಏನೋ ಭಾರವಾದದ್ದು. ಮೇಜಿನ ಮೇಲೆ ಅದನ್ನು ಮಲಗಿರುವ ಕೂಸನ್ನು ಇಡುವ ಹಾಗೆ ಇಟ್ಟ.

"ಅಟ್ಟ ಖಾಲಿ ಮಾಡ್ತಿದ್ದೆ ಅಕ್ಕ. ಅಪ್ಪನ ಪೆಟ್ಟಿಗೆ ಅಡೀಲಿ ಸಿಕ್ತು. ಇದೇನು ಅಂತ ಹೇಳು ಸಾಕು. ರಿಪೇರಿ ಗಿಪೇರಿ ಆಮೇಲೆ."

ತೋಳಿನಿಂದ ಹೊರಬಂದದ್ದು ಒಂದು ಮೊಳಕ್ಕಿಂತ ಸ್ವಲ್ಪ ಗಿಡ್ಡದಾದ ಉಕ್ಕಿನ ಕೊಳವೆ. ಕಪ್ಪು ಬಣ್ಣ ಅಲ್ಲಲ್ಲಿ ಸವೆದು ಕಂದಾಗಿತ್ತು. ಎರಡು ತುದಿಯಲ್ಲೂ ಗಾಜು, ಎರಡೂ ಮೋಡ ಮುಚ್ಚಿದಂತೆ ಮಬ್ಬು. ಹೊಟ್ಟೆಯ ಕೆಳಗೆ ಹದ್ದಿನ ಉಗುರಿನಂಥ ಕೊಕ್ಕೆಗಳು. ನೆತ್ತಿಯ ಮೇಲೆ ಒಂದು ಪುಟ್ಟ ತಿರುಗು ಬಿಲ್ಲೆ, ಅದರ ಸುತ್ತ ಒಂದರಿಂದ ಎಂಟರವರೆಗೆ ಅಂಕಿ. ಗಾಜಿನಕ್ಕ ಭೂತಗನ್ನಡಿ ಹಿಡಿದು ಸವೆದ ಅಕ್ಷರಗಳನ್ನು ಓದಿದಳು. ಕಂಪನಿಯ ಹೆಸರು ಅಳಿಸಿಹೋಗಿತ್ತು, ಉಳಿದ ನಾಲ್ಕಾರು ಅಕ್ಷರ ಜರ್ಮನ್ ಭಾಷೆಯವು. ಆಮೇಲೆ ಕೊಳವೆಯನ್ನು ಕಿಟಕಿಯ ಕಡೆ ಹಿಡಿದು ಕಣ್ಣಿಟ್ಟಳು. ಕಣ್ಣು ಹತ್ತಿರ ಒಯ್ದರೆ ಕಂಡದ್ದು ಕಾಸಿನಗಲ ಬೆಳಕು. ನಾಲ್ಕು ಬೆರಳು ಹಿಂದೆ ಸರಿದಾಗ ಮಬ್ಬಿನೊಳಗೇ ವೃತ್ತ ತುಂಬಿತು.

ಅವಳಿಗೆ ಗೊತ್ತಾಯಿತು. ಕೊಳವೆಯನ್ನು ಮೆಲ್ಲಗೆ ಕೋಟಿನ ತೋಳಿನ ಮೇಲೆ ಇಟ್ಟಳು.

"ಮೇಸ್ತ್ರಿಯವರೇ, ಇದು ಬಂದೂಕಿನ ಮೇಲೆ ಕೂರಿಸೋ ದುರ್ಬೀನು. ಜರ್ಮನಿಯದು, ಮಹಾಯುದ್ಧಕ್ಕೂ ಹಿಂದಿನದಿರಬೇಕು. ಬಂದೂಕು ಹಿಂದಕ್ಕೆ ಒದೆಯುತ್ತಲ್ಲ, ಅದಕ್ಕೇ ಕಣ್ಣು ಇಷ್ಟು ದೂರ ಇಟ್ಟು ನೋಡೋ ಹಾಗೆ ಮಾಡಿರ್ತಾರೆ. ಈ ಅಂಕಿ ಇದೆಯಲ್ಲ, ಅದು ಗುರಿ ಎಷ್ಟು ದೂರ ಅನ್ನೋದಕ್ಕೆ. ಒಂದು ಅಂದ್ರೆ ನೂರು ಮೀಟರು, ಎಂಟು ಅಂದ್ರೆ ಎಂಟುನೂರು."

ಮೇಸ್ತ್ರಿಯ ಮುಖ ಸುಣ್ಣ ಬಳಿದ ಹಾಗಾಯಿತು. ಅಲ್ಲೇ ಇದ್ದ ಸ್ಟೂಲನ್ನು ಎಳೆದುಕೊಂಡು ಕೂತ.

"ಅಪ್ಪ ಯುದ್ಧಕ್ಕೆ ಹೋಗಿದ್ದ. ಅಲ್ಲೇನು ಮಾಡ್ದೆ ಅಂತ ಕೇಳಿದ್ರೆ ಬಾಯಿಗೆ ಬೀಗ. ಅಮ್ಮನಿಗೂ ಹೇಳ್ಲಿಲ್ಲ. ಎಂಟುನೂರು ಮೀಟರಾ? ಅಷ್ಟು ದೂರದಲ್ಲಿರೋನಿಗೆ ತನ್ನನ್ನ ಒಬ್ಬ ನೋಡ್ತಿದ್ದಾನೆ ಅಂತಾನೂ ಗೊತ್ತಾಗಲ್ವಲ್ಲ ಅಕ್ಕ!"

ಅವನು ಎದ್ದ. "ಬಿಚ್ಚಿ ನೋಡು. ಅಪ್ಪ ಇದನ್ನ ಕೋಟಿನ ತೋಳು ಕತ್ತರಿಸಿ ಸುತ್ತಿಟ್ಟಿದ್ದಾನೆ. ಬಿಸಾಕೋ ವಸ್ತುವನ್ನ ಯಾರೂ ಹಾಗೆ ಸುತ್ತಿಡಲ್ಲ" ಎಂದು ಹೇಳಿ ಮೆಟ್ಟಿಲಿಳಿದ.

ಹಳೆಯ ಉಕ್ಕಿನ ಜೊತೆ ಜಬರ್ದಸ್ತಿ ನಡೆಯುವುದಿಲ್ಲ. ಗಾಜಿನಕ್ಕ ತುದಿಯ ಉಂಗುರಕ್ಕೆ ಎಣ್ಣೆ ಬಿಟ್ಟು, ಬಿಸಿ ಮರಳಿನ ಚೀಲದಲ್ಲಿ ಕೊಳವೆಯನ್ನು ಬೆಚ್ಚಗೆ ಮಲಗಿಸಿದಳು. ಆಮೇಲೆ ಚರ್ಮದ ಪಟ್ಟಿ ಸುತ್ತಿ ಮೆಲ್ಲಗೆ ತಿರುಗಿಸಿದಳು. ಉಂಗುರ ಹಟಮಾರಿ ಮಗುವಿನಂತೆ ಕೂತೇ ಇತ್ತು. ಮತ್ತೆ ಎಣ್ಣೆ, ಮತ್ತೆ ಬಿಸಿ. ಕೊನೆಗೆ ಒಂದು ಸಣ್ಣ ನರಳಿಕೆ ಕೇಳಿಸಿ ಉಂಗುರ ಕದಲಿತು. ಮುಂದಿನ ಗಾಜು ನಿಜಕ್ಕೂ ಎರಡು ಗಾಜು, ಮರದ ಅಂಟಿನಿಂದ ಒಂದಕ್ಕೊಂದು ಬೆಸೆದದ್ದು. ಆ ಅಂಟು ಹಳದಿಯಾಗಿ, ಅಂಚಿನಿಂದ ಜರೀಗಿಡದ ಎಲೆಯಂತೆ ಬಿರುಕು ಹಬ್ಬಿತ್ತು. ಅದನ್ನು ಒಲೆಯ ಹದವಾದ ಶಾಖದಲ್ಲಿ ಬಿಡಿಸಿ, ಸ್ಪಿರಿಟ್ಟಿನಲ್ಲಿ ತೊಳೆದು, ಹೊಸ ಅಂಟು ಹಾಕಿ ಒಣಗಲು ಬಿಟ್ಟಳು.

ನೆತ್ತಿಯ ಬಿಲ್ಲೆ ಮಾತ್ರ ಏನು ಮಾಡಿದರೂ ತಿರುಗಲಿಲ್ಲ. ತುಕ್ಕು ಹಿಡಿದಿದೆ ಎಂದುಕೊಂಡು ದೀಪ ಹತ್ತಿರ ತಂದಳು. ತುಕ್ಕಲ್ಲ. ಬಿಲ್ಲೆಯ ಬದಿಯಲ್ಲಿ ಯಾರೋ ತೂತು ಕೊರೆದು ಹಿತ್ತಾಳೆಯ ಮೊಳೆ ಹೊಡೆದು, ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು. ಇನ್ನೆಂದೂ ಅದು ತಿರುಗಬಾರದು ಎಂದೇ ಮಾಡಿದ ಕೆಲಸ. ಕಾರ್ಖಾನೆಯಲ್ಲಿ ಇಂಥದ್ದನ್ನು ಮಾಡುವುದಿಲ್ಲ.

ಅವಳಿಗೆ ಕುತೂಹಲ ಕೆರಳಿತು. ಒಳಗಿನ ಉಂಗುರವನ್ನು ಚಿಮಟದಿಂದ ಹೊರಗೆಳೆದಳು. ಬಂದೂಕಿನ ದುರ್ಬೀನಿನಲ್ಲಿ ಈ ಉಂಗುರದ ನಡುವೆ ಮೊನಚು ತುದಿಯ ಒಂದು ಕಂಬ ಇರುತ್ತದೆ. ಆ ತುದಿ ಎಲ್ಲಿ ಮುಟ್ಟುತ್ತದೋ ಗುಂಡು ಅಲ್ಲಿಗೆ. ಇಲ್ಲಿ ಕಂಬವೇ ಇರಲಿಲ್ಲ. ಬುಡದಲ್ಲಿ ಕತ್ತರಿಸಿ ತೆಗೆದ ಗುರುತಷ್ಟೇ ಇತ್ತು. ಅದರ ಬದಲು ಉಂಗುರಕ್ಕೆ ಅಡ್ಡಲಾಗಿ ಧೂಳಿನ ಒಂದು ನೂಲು. ಇನ್ನೊಂದು ತುಂಡು ಅಂಚಿನಿಂದ ಸುರುಳಿಯಾಗಿ ಜೋತು ಬಿದ್ದಿತ್ತು. ಒರೆಸಿಬಿಡೋಣವೆಂದು ಕುಂಚ ಎತ್ತಿದವಳು, ಬೆಳಕು ಓರೆಯಾಗಿ ಬಿದ್ದದ್ದರಿಂದ, ಹಾಗೇ ನಿಂತಳು.

ಅದು ಧೂಳಲ್ಲ. ಉಂಗುರದ ಅಂಚಿನಲ್ಲಿ ಎದುರುಬದುರಾಗಿ ಸೂಜಿಯಿಂದ ಗೀರಿದ ಕಚ್ಚುಗಳಿದ್ದವು. ನೂಲು ಆ ಕಚ್ಚಿನಲ್ಲಿ ಕೂತಿತ್ತು. ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಅರಗಿನ ಬೊಟ್ಟು. ಜೇಡನ ಎಳೆ! ಅದೂ ಬಿಗಿಯಾಗಿ, ಆಗಷ್ಟೇ ಕಟ್ಟಿದ ವೀಣೆಯ ತಂತಿಯ ಹಾಗೆ.

ಕುಂಚವನ್ನು ಮೇಜಿನ ಆಚೆ ತುದಿಗೆ ಇಟ್ಟು ಬಂದಳು, ಅದು ತಾನಾಗಿ ಹಾರಿ ಬರುತ್ತದೇನೋ ಎಂಬಂತೆ. ಹಿಂದೆ ಭೂಮಿ ಅಳೆಯುವ ಯಂತ್ರಗಳಲ್ಲಿ ಹೀಗೆ ಎಳೆ ಕಟ್ಟುತ್ತಿದ್ದರೆಂದು ಅವಳು ಕೇಳಿದ್ದಳು. ಮನುಷ್ಯ ಎಳೆದ ಯಾವ ಗೆರೆಯೂ ಅಷ್ಟು ತೆಳುವಾಗಿರುವುದಿಲ್ಲ, ಅಷ್ಟು ನೇರವಾಗಿಯೂ. ಉಂಗುರದ ನಾಲ್ಕು ಬದಿಗೆ ಕೈಯಲ್ಲೇ ಉಜ್ಜಿ ಮಾಡಿದ ನಾಲ್ಕು ಪುಟ್ಟ ತಿರುಪುಗಳೂ ಇದ್ದವು, ಎಳೆಗಳನ್ನು ಕೂದಲೆಳೆಯಷ್ಟು ಆಚೀಚೆ ಸರಿಸಲು. ಮೇಸ್ತ್ರಿಯ ಅಪ್ಪ, ಮಗನಂತೆಯೇ ಗೋಡೆ ಕಟ್ಟುವ, ಹಲಗೆಯಂಥ ಅಂಗೈಯವನು, ಈ ಕೆಲಸ ಮಾಡಿದ್ದ.

ಸುದ್ದಿ ಕೇಳಿ ಓಡಿಬಂದ ಮೇಸ್ತ್ರಿ ಉಂಗುರದ ಮೇಲೆ ಬಾಗಿದ.

"ಉಸಿರು ಬಿಡಬೇಡಿ!" ಎಂದಳು ಗಾಜಿನಕ್ಕ.

ಅವನು ಉಸಿರು ಕಟ್ಟಿಯೇ ನೋಡಿದ. ದೂರ ಸರಿದ ಮೇಲೆ ಕೇಳಿದ, "ಹಾಗಾದ್ರೆ ಅಪ್ಪ ಇದರಲ್ಲಿ ಗುಂಡು ಹೊಡೀಲಿಲ್ವಾ?"

"ಅದು ನನಗೆ ಗೊತ್ತಿಲ್ಲ. ಸುಳ್ಳು ಹೇಳಲ್ಲ ನಾನು. ಇದು ಅವರ ಕೈಗೆ ಬರೋ ಮುಂಚೆ ಏನಾಯ್ತೋ, ಬಂದ ಮೇಲೆ ಏನಾಯ್ತೋ ಗಾಜು ಬಾಯಿ ಬಿಡಲ್ಲ. ಆದರೆ ಈ ಎಳೆ ಕಟ್ಟಿದ ಮೇಲೆ ಇದರಲ್ಲಿ ಗುಂಡು ಹೊಡೆಯೋಕಾಗಲ್ಲ. ಒಂದೇ ಒದೆತಕ್ಕೆ ಹರಿದುಹೋಗುತ್ತೆ. ನೇರ ನೋಡೋಕೆ ಮಾತ್ರ ಇದು."

"ನೇರ..." ಎಂದು ಮೇಸ್ತ್ರಿ ಅಲ್ಲೇ ನಿಂತ. "ಹಿತ್ತಲಲ್ಲಿ ಅಪ್ಪನ ಕಾಲದ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡಿದೆ. ಮೇಲೆ ಎರಡು ಸೀಳು. ನನ್ನ ಹೆಂಡತಿ ಅದರ ಮೇಲೆ ಹೂಕುಂಡ ಇಟ್ಟಿದ್ದಾಳೆ."

ಹೂಕುಂಡ ಇಳಿಯಿತು, ಸ್ಟ್ಯಾಂಡು ಬಂತು. ಕೊಳವೆಯ ಕೊಕ್ಕೆಗಳನ್ನು ಸೀಳಿಗೆ ಇಳಿಸಿದರೆ ಕಟಕ್ಕೆಂದು ಕೂತವು. ಮೇಸ್ತ್ರಿ ಕೊಳವೆಯನ್ನು ಮೇಲೆ ಕೆಳಗೆ ತೂಗಿಸಿ ನೋಡಿದ, ಮತ್ತೆ ತೂಗಿಸಿದ.

"ಗಿರಣಿಯ ನೀರಿನ ಗೋಪುರ ಕಟ್ಟಿದ್ದು ಅಪ್ಪನೇ" ಎಂದ ಕೊನೆಗೆ. "ಅಷ್ಟೆತ್ತರದ ಇಟ್ಟಿಗೆ ಮೂಲೆ ಅಷ್ಟು ನೇರ ಹೇಗೆ ಎಬ್ಬಿಸಿದೆ ಅಂತ ಎಲ್ರೂ ಕೇಳೋರು. ನಗ್ತಿದ್ದ ಅಷ್ಟೇ. ಅವನ ಕಣ್ಣೇ ರಸಮಟ್ಟ ಅಂತಿದ್ರು ಜನ."

"ಈಗ ಹೇಳಿ, ಏನು ಮಾಡ್ಲಿ?" ಎಂದಳು ಗಾಜಿನಕ್ಕ. "ಹಳೇ ಬಂದೂಕು ಸಾಮಾನು ಕೂಡಿಡೋರು ಇದನ್ನ ಮೊದಲಿನ ಹಾಗೇ ಮಾಡಿ ಅಂತಾರೆ. ಮೊಳೆ ಕಿತ್ತು, ಹೊಸ ಕಂಬ ಕೂರಿಸಿದ್ರೆ ಕಾರ್ಖಾನೆಯಿಂದ ಬಂದ ಹಾಗಾಗುತ್ತೆ."

"ಅಪ್ಪನ ಕೈಯಿಂದ ಬಂದ ಹಾಗಾಗ್ಲಿ" ಎಂದ ಮೇಸ್ತ್ರಿ.

ಹಾಗಾದರೆ ಹರಿದ ಎಳೆಯ ಜಾಗಕ್ಕೆ ಹೊಸದು ಬೇಕು. ಗಾಜಿನಕ್ಕ ಕೆಳಗಿಳಿದು ಅತ್ತೆಯನ್ನು ಕೇಳಿದಳು, "ಅತ್ತೇ, ಮನೇಲಿ ಜೇಡ ಎಲ್ಲಿದೆ?"

"ನನ್ನ ಮನೇಲಿ ಜೇಡವಾ!" ಅತ್ತೆ ಸೊಂಟದ ಮೇಲೆ ಕೈಯಿಟ್ಟಳು. ವಿಷಯ ತಿಳಿದ ಮೇಲೆ ದನಿ ತಗ್ಗಿಸಿದಳು. "ಬಲೆ ತೆಗೆದು ತೆಗೆದು ನನ್ನ ಸೊಂಟ ಬಿದ್ದುಹೋಯ್ತು, ಈಗ ಬಲೆ ಬೇಕಂತೆ. ಇರು. ಬಚ್ಚಲ ಬಾಗಿಲ ಹಿಂದೆ ಇರೋದು ಉದ್ದ ಕಾಲಿಂದು, ಕೆಲಸಕ್ಕೆ ಬಾರದ್ದು. ಅಂಗಳದ ಬೇಲಿ ಮೇಲೆ ಒಂದಿದೆ ನೋಡು, ಚಿಕ್ಕದು, ಚಕ್ರದ ಹಾಗೆ ಬಲೆ ಹೆಣೆಯುತ್ತೆ. ಎಷ್ಟು ಸಲ ಹರಿದ್ರೂ ಬೆಳಗಾಗೋದ್ರೊಳಗೆ ಹೊಸದು. ಅದರ ಮುಂದೆ ನಾನೂ ಸೋತೆ."

ಶತ್ರುವಿನ ಗುಣ ಗೊತ್ತಿರುವುದು ಶತ್ರುವಿಗೇ. ಅತ್ತೆ ಗಾಜಿನ ಲೋಟದಲ್ಲಿ ಆ ಜೇಡವನ್ನು ಹಿಡಿದು ತಂದಳು. ಆ ದಿನ ಮಹಡಿಯ ಕೋಣೆಗೆ ಅವಳಿಗೂ ಪ್ರವೇಶ ಸಿಕ್ಕಿತು. ರಟ್ಟಿನ ತುಂಡಿನ ಮೇಲಿಂದ ಜೇಡವನ್ನು ಮೆಲ್ಲಗೆ ಕೊಡವಿದರೆ ಅದು ತನ್ನದೇ ಎಳೆ ಹಿಡಿದು ಕೆಳಗಿಳಿಯಿತು. ಇಳಿಯುತ್ತಿದ್ದ ಹಾಗೇ ಗಾಜಿನಕ್ಕ ಕವೆಯಂಥ ತಂತಿಯ ಮೇಲೆ ಎಳೆಯನ್ನು ಸುತ್ತಿಕೊಂಡಳು. ಎಳೆ ಕಣ್ಣಿಗೆ ಕಾಣುತ್ತಿರಲಿಲ್ಲ, ತಂತಿಯ ಕವೆಯ ನಡುವೆ ಬೆಳಕು ಮಾತ್ರ ಆಗಾಗ ಮಿಂಚುತ್ತಿತ್ತು. ಅದನ್ನು ಉಂಗುರದ ಮೇಲಿಟ್ಟು, ಎರಡೂ ತುದಿಗೆ ಮೇಣದ ಹನಿ ತೂಗುಬಿಟ್ಟು ಬಿಗಿ ಮಾಡಿದಳು. ಮೇಸ್ತ್ರಿಯ ಅಪ್ಪ ಗೀರಿದ ಕಚ್ಚಿನೊಳಗೆ, ಉಳಿದಿದ್ದ ಹಳೆಯ ಎಳೆಗೆ ಅಡ್ಡಲಾಗಿ, ಎಳೆ ತಾನಾಗಿ ಜಾರಿ ಕೂತಿತು. ಅರಗಿನ ಬೊಟ್ಟು ಇಟ್ಟಳು. ಮೂವರೂ ಒಟ್ಟಿಗೆ ಉಸಿರು ಬಿಟ್ಟರು.

ಲೋಟವನ್ನು ಅತ್ತೆ ತಾನೇ ಅಂಗಳಕ್ಕೆ ಒಯ್ದು ಬೇಲಿಯ ಮೇಲೆ ಬಗ್ಗಿಸಿದಳು.

ಇನ್ನು ಉಳಿದದ್ದು ಹೊಂದಿಸುವ ಕೆಲಸ. ಉಂಗುರವನ್ನೂ ಗಾಜನ್ನೂ ಮತ್ತೆ ಒಳಗೆ ಕೂರಿಸಿ, ಕೊಳವೆಯನ್ನು ಎರಡು ಮರದ ಕವೆಗಳ ಮೇಲೆ ಮಲಗಿಸಿ, ಎದುರು ಮನೆಯ ಗೋಡೆಯ ಒಂದು ಮೊಳೆಯ ತಲೆಗೆ ಎಳೆಗಳು ಕೂಡುವ ಚುಕ್ಕಿಯನ್ನು ಹಿಡಿದಳು. ಕೊಳವೆ ಉರುಳಿಸಿದಾಗ ಚುಕ್ಕಿ ಮೊಳೆಯ ಸುತ್ತ ಪ್ರದಕ್ಷಿಣೆ ಹಾಕಿತು. ಅಂದರೆ ನಡು ತಪ್ಪಿದೆ. ಒಂದು ತಿರುಪು ಸಡಿಲಿಸಿ, ಎದುರಿನದನ್ನು ಬಿಗಿದು, ಮತ್ತೆ ಉರುಳಿಸಿ, ಮತ್ತೆ ನೋಡಿ, ಕತ್ತು ಹಿಡಿದುಕೊಳ್ಳುವವರೆಗೆ ಮಾಡಿದಳು. ಒಮ್ಮೆ ಕೊಳವೆ ಪೂರಾ ಒಂದು ಸುತ್ತು ಉರುಳಿದರೂ ಚುಕ್ಕಿ ಮೊಳೆಯ ತಲೆ ಬಿಟ್ಟು ಕದಲಲಿಲ್ಲ. ಆಗ ಅವಳು ನೋಡುತ್ತಲೇ ಉಳಿದಳು. ಗಾಜು ತಿಳಿನೀರಾಗಿತ್ತು. ಎದುರು ಗೋಡೆಯ ಸುಣ್ಣದ ಪದರ, ಮೊಳೆಯ ಮೇಲಿನ ತುಕ್ಕಿನ ಕಣ, ಅದರ ಪಕ್ಕದಲ್ಲಿ ಸಾಗುತ್ತಿದ್ದ ಇರುವೆ, ಎಲ್ಲವೂ ಕೈಗೆ ಸಿಗುವಂತೆ.

ಸಂಜೆಯ ಓರೆಬಿಸಿಲಿನಲ್ಲಿ ಇಬ್ಬರೂ ಸ್ಟ್ಯಾಂಡು ಹೊತ್ತು ಗಿರಣಿಯ ಬೀದಿಗೆ ಹೋದರು. ಮೇಸ್ತ್ರಿ ಮೊದಲು ದಾರಕ್ಕೆ ತೂಕದ ಗುಂಡು ಕಟ್ಟಿ ತೂಗುಬಿಟ್ಟು, ಮೇಲಿಂದ ಕೆಳಕ್ಕೆ ನಿಂತ ಎಳೆಯನ್ನು ಆ ದಾರಕ್ಕೆ ಸರಿಯಾಗಿ ಹೊಂದಿಸಿದ. ಆಮೇಲೆ ದುರ್ಬೀನನ್ನು ಗೋಪುರದ ಮೂಲೆಯ ಬುಡಕ್ಕೆ ತಿರುಗಿಸಿ, ನಿಧಾನವಾಗಿ ಮೇಲೆತ್ತುತ್ತಾ ಹೋದ. ಇಟ್ಟಿಗೆಯ ವರಸೆಗಳು ಒಂದೊಂದಾಗಿ ಇಳಿದುಹೋದವು. ಮೂಲೆಯ ಅಂಚೂ ಜೇಡನ ಎಳೆಯೂ ಎರಡಲ್ಲ, ಒಂದೇ.

ಅರ್ಧ ಎತ್ತರದಲ್ಲಿ ಅವನ ಕೈ ನಿಂತಿತು.

"ಅಕ್ಕ, ಇಲ್ಲಿ ಅಂಚು ಎಳೆ ಬಿಟ್ಟು ಒಳಗೆ ಸರಿದಿದೆ."

"ನಾನು ಹೊಂದಿಸಿದ್ದು ತಪ್ಪಾಯ್ತಾ?"

"ಇಲ್ಲ, ತಾಳು." ಅವನು ಮೇಲೆತ್ತಿದ, ಇಳಿಸಿದ, ಮತ್ತೆ ಎತ್ತಿದ. ದನಿ ಪಿಸುಮಾತಾಯಿತು. "ಇಲ್ಲಿ ಅಪ್ಪ ತಪ್ಪಿದ್ದಾನೆ. ಹುಲ್ಲುಕಡ್ಡಿಯಷ್ಟು. ಮೇಲಿನ ವರಸೇಲಿ ಇನ್ನೂ ಸ್ವಲ್ಪ ಜಾಸ್ತಿ. ಆಮೇಲೆ ಅವನಿಗೆ ಗೊತ್ತಾಗಿದೆ ನೋಡು. ಒಡೆದು ಹಾಕ್ಲಿಲ್ಲ. ಒಂದೊಂದು ವರಸೇಲೂ ಒಂದೊಂದು ಕೂದಲಷ್ಟು ಹೊರಗೆ ತಂದಿದ್ದಾನೆ, ಯಾರ ಕಣ್ಣಿಗೂ ಕಾಣದ ಹಾಗೆ. ಇಗೋ, ಇಲ್ಲಿ ಮತ್ತೆ ಎಳೆಗೆ ಸೇರಿತು. ಇಲ್ಲಿಂದ ತುದೀವರೆಗೂ ಬಾಣ!"

ಗಾಜಿನಕ್ಕ ಬಾಗಿ ಕಣ್ಣಿಟ್ಟಳು. ಮೊದಲು ಅವಳಿಗೆ ಬರೀ ಗೋಡೆ ಕಂಡಿತು. ಆಮೇಲೆ, ಅವನು ಹೇಳಿದ ಜಾಗದಲ್ಲಿ, ಎಳೆಗೂ ಇಟ್ಟಿಗೆಗೂ ನಡುವೆ ಆಕಾಶದ ಒಂದು ಸಣ್ಣ ನೀಲಿ ಸೀಳು ಕಾಣಿಸಿತು. ಅದು ಮೇಲೆ ಹೋದಂತೆ ತೆಳುವಾಗಿ, ಇನ್ನೂ ತೆಳುವಾಗಿ, ಮುಚ್ಚಿಹೋಯಿತು. ಜೀವನವಿಡೀ ಆ ಗೋಪುರದ ಕೆಳಗೆ ಓಡಾಡಿದವಳು ಅವಳು. ಅಷ್ಟೆತ್ತರದಲ್ಲಿ ಹಲಗೆಯ ಮೇಲೆ ನಿಂತಿದ್ದ ಒಬ್ಬ ಮನುಷ್ಯ ತನ್ನ ತಪ್ಪು ಕಂಡು, ಒಂದು ಮಾತೂ ಆಡದೆ, ದಿನವೂ ಒಂದಿಷ್ಟು ಸರಿಮಾಡುತ್ತಾ ಮೇಲೇರಿದ್ದನ್ನು ಈಗ ಕಣ್ಣಾರೆ ನೋಡುತ್ತಿದ್ದಳು.

ತಿರುಗಿದಾಗ ಮೇಸ್ತ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳುವ ಯೋಚನೆಯೂ ಅವನಿಗಿರಲಿಲ್ಲ.

"ಇನ್ನೊಂದು ಸಲ ನೋಡ್ತೀನಿ" ಎಂದ. ಬೆಳಕು ಇಟ್ಟಿಗೆಯ ಮೇಲಿಂದ ಜಾರಿ ಹೋಗುವವರೆಗೂ ನೋಡುತ್ತಲೇ ಇದ್ದ. ಅವಳು ಅವಸರ ಮಾಡಲಿಲ್ಲ. ಗುಂಡು ಕಟ್ಟಿದ ದಾರವನ್ನು ಗಾಳಿಗೆ ಅಲುಗದಂತೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಳು.